ಗಿಡಕ್ಕೆ ಮೊದಲು ಗುಂಡಿ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರು ಗೃಹಪ್ರವೇಶ ಮುಗಿದ ವಾರಕ್ಕೇ ನಿಂಬೆ, ಕರಿಬೇವು, ದಾಸವಾಳ ತಂದು ನೆಟ್ಟುಬಿಡುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಚಿಗುರು ಹಳದಿ. ‘ಯಾವ ಗೊಬ್ಬರ ಹಾಕಲಿ ಸಾರ್?’ ಎಂದು ಫೋಟೊ ಕಳಿಸುವ ಹೊತ್ತಿಗೆ ಬುಡಕ್ಕೆ ಎರಡು ಹಿಡಿ ಯೂರಿಯಾ ಬಿದ್ದಾಗಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲೆಯನ್ನು ಸರಿಯಾಗಿ ನೋಡಿ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು. ತುದಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಬಲೆಯ ಹಾಗೆ ಹಸಿರಾಗಿ ಉಳಿದಿದ್ದರೆ ಸಾಮಾನ್ಯವಾಗಿ ಅದು ಕಬ್ಬಿಣದ ಕೊರತೆ. ನಮ್ಮ ಮಣ್ಣಿನ ಕೆಂಪೇ ಕಬ್ಬಿಣದ್ದು. ಅದಕ್ಕೆ ಇಲ್ಲಿ ಬರವಿಲ್ಲ. ಆದರೆ ಅಂಗಳದಡಿ ಹೂತ ಸಿಮೆಂಟು, ಸುಣ್ಣ, ಗಾರೆಯ ಚೂರು ಮಣ್ಣನ್ನು ಕ್ಷಾರವಾಗಿಸುತ್ತವೆ. ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರುವುದಿಲ್ಲ. ಯೂರಿಯಾ ಇದನ್ನು ಸರಿಮಾಡದು. ಮೇಲೆ ಅರ್ಧ ಅಡಿ ಹರಡಿದ ಒಂದು ಲೋಡ್ ಕೆಂಪು ಮಣ್ಣೂ ಅಷ್ಟೆ: ಬೇರು ಅದನ್ನು ದಾಟಿದ ದಿನ ಗಾರೆಗೇ ಇಳಿಯುತ್ತದೆ.

ಹಾಗಾಗಿ ಮೊದಲು ಹಾರೆ ಹಿಡಿಯಿರಿ. ಸಂಪ್, ಯುಜಿಡಿ (ಒಳಚರಂಡಿ) ಪೈಪ್ ಎಲ್ಲಿವೆ ಎಂದು ಮೇಸ್ತ್ರಿಯನ್ನು ಕೇಳಿಕೊಂಡೇ. ನಿಂಬೆ, ಕರಿಬೇವಿಗೆ ಉದ್ದ, ಅಗಲ, ಆಳ ಎರಡೆರಡು ಅಡಿ. ಮಾವಿಗೆ ಮೂರು ಮೂರು. ಒಂದೂವರೆ ಅಡಿ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಎರಡು ಚಮಚ ವಿನೆಗರ್ ಹನಿಸಿ. ಬುಸುಬುಸು ನೊರೆ ಬಂದರೆ ಸುಣ್ಣವಿದೆ. ನಮ್ಮ ಕೆಂಪು ಮಣ್ಣು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅನುಮಾನ ಉಳಿದರೆ ಅರ್ಧ ಕೆಜಿ ಮಣ್ಣನ್ನು ನೆರಳಲ್ಲಿ ಒಣಗಿಸಿ ಪರೀಕ್ಷೆ ಮಾಡಿಸಿ. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ರಸಸಾರ (pH) 7.5 ದಾಟಿದೆಯೇ ಎಂಬುದನ್ನು ಮೊದಲು ನೋಡಿ.

ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಮರುದಿನವೂ ನಿಂತಿದ್ದರೆ ತಳ ಗಟ್ಟಿಯಾಗಿದೆ. ಇನ್ನೊಂದು ಅಡಿ ಹಾರೆಯಿಂದ ಒಡೆಯಿರಿ. ನೊರೆ ಬಂದ ಮಣ್ಣು, ಜಲ್ಲಿ, ಇಟ್ಟಿಗೆ ಚೂರು ಎಲ್ಲವೂ ಕಾಂಪೌಂಡ್ ಆಚೆಗೆ ಹೋಗಲಿ, ಮತ್ತೆ ಗುಂಡಿಗೆ ಬೀಳಬಾರದು. ಗುಂಡಿಯನ್ನು ಹದಿನೈದು ದಿನ ಬಿಸಿಲಿಗೆ ಬಿಟ್ಟು, ಎರಡು ಬಾಂಡ್ಲಿ ಒಳ್ಳೆಯ ಮೇಲ್ಮಣ್ಣಿಗೆ ಒಂದು ಬಾಂಡ್ಲಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಹಸಿ ಸಗಣಿ ಬೇಡ, ಗೊಣ್ಣೆ ಹುಳು ಬರುತ್ತದೆ. ಮಣ್ಣು ಕುಸಿಯುತ್ತದೆ, ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರಕ್ಕೇ ತುಂಬಿ. ಮೇನಲ್ಲಿ ಗುಂಡಿ, ಜೂನ್-ಜುಲೈನಲ್ಲಿ ಗಿಡ. ಕಸಿಯ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ.

ಬೋರ್‌ವೆಲ್ ನೀರಿಗೆ ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ, ಅದೇ ಸುಣ್ಣ ದಿನವೂ ಬುಡಕ್ಕೆ ಸೇರುತ್ತಿದೆ ಎಂದು ತಿಳಿಯಿರಿ. ಚಾವಣಿಯ ಮಳೆನೀರಿಗೆ ಒಂದು ಡ್ರಮ್ಮಾದರೂ ಇಡಿ.

ಆಗಲೇ ನೆಟ್ಟು ಹಳದಿಯಾದ ಗಿಡವಿದ್ದರೆ, ವರ್ಷದೊಳಗಿನದಾದರೆ ಮಳೆಗಾಲದಲ್ಲಿ ಮಣ್ಣುಗಡ್ಡೆ ಸಮೇತ ಎತ್ತಿ, ಗುಂಡಿ ಸರಿಮಾಡಿ ಮತ್ತೆ ನೆಡಿ. ಅಲ್ಲಿಯವರೆಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಮೊದಲು ಒಂದೇ ಕೊಂಬೆಗೆ ಹಾಕಿ ನೋಡಿ. ಎಲೆ ಸುಡದಿದ್ದರೆ ಇಡೀ ಗಿಡಕ್ಕೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ.