ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು?

ಪ್ರಶ್ನೆ: ‘ಎ ಅಥವಾ ಬಿ’ ಸಂಭವಿಸುವ ಲೆಕ್ಕಗಳಲ್ಲಿ ಕೆಲವೊಮ್ಮೆ ಎರಡು ಸಂಭವನೀಯತೆಗಳನ್ನು ಕೂಡಿ ಮುಗಿಸುತ್ತಾರೆ, ಕೆಲವೊಮ್ಮೆ ಕೂಡಿದ ಮೇಲೆ ಏನನ್ನೋ ಕಳೆಯುತ್ತಾರೆ. ಯಾವ ಲೆಕ್ಕಕ್ಕೆ ಯಾವ ಸೂತ್ರ?

ಉತ್ತರ: ಸೂತ್ರ ಎರಡಿಲ್ಲ, ಇರುವುದು ಒಂದೇ. ಎರಡನ್ನೂ ಕೂಡಿ, ಎ ಮತ್ತು ಬಿ ಒಟ್ಟಿಗೆ ಸಂಭವಿಸುವ ಸಂಭವನೀಯತೆಯನ್ನು ಕಳೆಯಬೇಕು. ಒಟ್ಟಿಗೆ ಸಂಭವಿಸಲು ಸಾಧ್ಯವೇ ಇಲ್ಲದಿದ್ದರೆ ಕಳೆಯಬೇಕಾದದ್ದು ಸೊನ್ನೆ. ಅಂಥವೇ ಪರಸ್ಪರ ಹೊರತಾದ ಘಟನೆಗಳು. ಒಂದು ದಾಳವನ್ನು ಒಮ್ಮೆ ಉರುಳಿಸಿದಾಗ 2 ಅಥವಾ 5 ಬೀಳುವ ಸಂಭವನೀಯತೆ 1/6 + 1/6, ಅಂದರೆ 1/3. ಅಷ್ಟೇ.

ಈಗ ಅದೇ ದಾಳದಲ್ಲಿ ‘ಸಮಸಂಖ್ಯೆ ಅಥವಾ 3ಕ್ಕಿಂತ ಕಡಿಮೆಯಲ್ಲದ ಸಂಖ್ಯೆ’ ಎಂದು ಕೇಳಿದರೆ? 3/6ಕ್ಕೆ 4/6 ಕೂಡಿದರೆ 7/6 ಬರುತ್ತದೆ. ಸಂಭವನೀಯತೆ 1ನ್ನು ಮೀರುವಂತಿಲ್ಲ, ಹಾಗಾದರೆ ಯಾವುದನ್ನೋ ಎರಡು ಸಲ ಎಣಿಸಿದ್ದೇವೆ. ಬರೆದು ನೋಡಿ: ಒಂದು ಕಡೆ 2, 4, 6, ಇನ್ನೊಂದು ಕಡೆ 3, 4, 5, 6. ನಾಲ್ಕೂ ಆರೂ ಎರಡು ಕಡೆಯಲ್ಲೂ ಇವೆ. ಆ 2/6 ಕಳೆದರೆ 5/6. ಹೊರಗುಳಿಯುವ ಸಂಖ್ಯೆ 1 ಮಾತ್ರ ಆದ್ದರಿಂದ ಉತ್ತರ ಸರಿ. ಇಲ್ಲಿ ತಪ್ಪು ತಾನಾಗಿ ಸಿಕ್ಕಿಬಿತ್ತು. ಎಲ್ಲ ಲೆಕ್ಕಗಳೂ ಇಷ್ಟು ಉಪಕಾರ ಮಾಡುವುದಿಲ್ಲ.

ಕೆಂಪು ಮತ್ತು ನೀಲಿ ದಾಳಗಳನ್ನು ಒಟ್ಟಿಗೆ ಉರುಳಿಸಿ, ಒಂದರಲ್ಲಾದರೂ 6 ಬೀಳುವ ಸಂಭವನೀಯತೆ ಕೇಳಿದರೆ ಬಹಳ ಮಂದಿ 12/36 ಎನ್ನುತ್ತಾರೆ. ‘ಎರಡು ದಾಳಗಳಿಗೂ ಪರಸ್ಪರ ಸಂಬಂಧವಿಲ್ಲವಲ್ಲ’ ಎಂಬುದು ಅವರ ವಾದ. ಸರಿಯಾದ ಉತ್ತರ 11/36, ಏಕೆಂದರೆ ಎರಡರಲ್ಲೂ 6 ಬೀಳುವ ಒಂದು ಫಲಿತ ಎರಡು ಸಲ ಲೆಕ್ಕಕ್ಕೆ ಸೇರಿದೆ. ಸಂಬಂಧವಿಲ್ಲದ ಘಟನೆಗಳು ಸ್ವತಂತ್ರ ಘಟನೆಗಳು. ಅವು ಪರಸ್ಪರ ಹೊರತಾದವಲ್ಲ. ಈ ಎರಡು ಕಲ್ಪನೆಗಳನ್ನು ಬೆರೆಸುವುದೇ ಈ ಪಾಠದ ಅತಿ ದೊಡ್ಡ ಗೊಂದಲ ಎಂದು ನನಗನ್ನಿಸುತ್ತದೆ. ಒಂದು ಸಂಭವಿಸಿದರೆ ಇನ್ನೊಂದು ಸಂಭವಿಸಲಾರದು ಎನ್ನುವುದಕ್ಕಿಂತ ಗಟ್ಟಿಯಾದ ಸಂಬಂಧ ಯಾವುದಿದೆ? ಸಂಭವನೀಯತೆ ಸೊನ್ನೆಯಲ್ಲದ ಎರಡು ಘಟನೆಗಳು ಪರಸ್ಪರ ಹೊರತಾಗಿದ್ದರೆ ಅವು ಸ್ವತಂತ್ರವಾಗಿರಲು ಸಾಧ್ಯವೇ ಇಲ್ಲ.

ಒಂದೇ ದಾಳವನ್ನು ಆರು ಸಲ ಉರುಳಿಸಿದಾಗಲೂ ಇದೇ ತೊಡಕು. 1/6ನ್ನು ಆರು ಸಲ ಕೂಡಿದರೆ 1 ಬಂದು, ಒಮ್ಮೆಯಾದರೂ 6 ಬೀಳುವುದು ಖಚಿತ ಎಂದಾಗುತ್ತದೆ. ಹಾಗಿಲ್ಲವೆಂದು ದಾಳ ಹಿಡಿದವರಿಗೆಲ್ಲ ಗೊತ್ತು. ಇಂಥ ಕಡೆ ಒಂದು ಸಲವೂ 6 ಬೀಳದ ಸಂಭವನೀಯತೆಯನ್ನು, ಅಂದರೆ 5/6ರ ಆರನೇ ಘಾತವನ್ನು, 1ರಿಂದ ಕಳೆಯುವುದು ಸುಲಭ. ಉತ್ತರ ಸುಮಾರು 0.67.