ಕೊಡವ ತಕ್ಕ್‌ನಲ್ಲಿ ಸ್ವರ ಎಷ್ಟು?

ಪ್ರಶ್ನೆ: ಕೊಡವ ತಕ್ಕ್ ಬರೆಯೋಕೆ ಕನ್ನಡ ಅಕ್ಷರ ಸಾಕಲ್ವಾ? ಅದರಲ್ಲಿ ಬೇರೆ ಸ್ವರ ಏನಾದರೂ ಇದೆಯಾ?

ಇದೆ. ಕೊಡಗಿನ ಕೊಡವರ ನುಡಿಯೇ ಕೊಡವ ತಕ್ಕ್. ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಅ, ಇ, ಉ, ಎ, ಒ, ಇವುಗಳ ದೀರ್ಘವೂ ಸೇರಿ ಹತ್ತು. ಕೊಡವರಿಗೆ ಇನ್ನೆರಡಿವೆ, ಅವಕ್ಕೂ ಹ್ರಸ್ವ ದೀರ್ಘ ಉಂಟು. ಒಟ್ಟು 14.

ಹೇಳೋದೇನೂ ಕಷ್ಟವಲ್ಲ. 'ಉ' ಅನ್ನಿ, ಆದರೆ ತುಟಿ ಮುಂದೆ ಚಾಚದೆ ನಗುವಾಗಿನ ಹಾಗೆ ಅಗಲಿಸಿ. ಒಂದು ಬಂತು. 'ಎ' ಅನ್ನುತ್ತಾ ನಾಲಗೆಯನ್ನು ಚೂರು ಹಿಂದಕ್ಕೆಳೆಯಿರಿ. ಇನ್ನೊಂದೂ ಬಂತು. ಎಂಟಕ್ಕೆ ಕೊಡವರು 'ಎಟ್ಟ್' ಅನ್ನುತ್ತಾರಲ್ಲ, ಅದರ ಮೊದಲಲ್ಲಿ ಎರಡನೆಯದು, ಕೊನೆಯಲ್ಲಿ ಮೊದಲನೆಯದು. ಆ ಕೊನೆಯ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಅದಕ್ಕೇ ಒಬ್ಬರು ತಕ್ಕ್, ಒಬ್ಬರು ತಕ್ಕು, ಮತ್ತೊಬ್ಬರು ತಕ್ ಅಂತ ಬರೆಯೋದು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಇದರ ಬಾಲದಂತೆ ಒಂದು ಮಾತು ಬಂದೇ ಬರುತ್ತೆ: 'ಅದು ಕನ್ನಡ, ತಮಿಳು, ಮಲಯಾಳ ಕಲಸಿದ್ದು ತಾನೆ?' ಅಲ್ಲ ಸ್ವಾಮಿ.

ಹಿಡಿ ಅನ್ನೋದಕ್ಕೆ ಅಲ್ಲಿ 'ಪುಡಿ'. ಹೆಣ್ಣಿಗೆ 'ಪೊಣ್ಣ್'. ಬೇಡ ಅನ್ನೋದಕ್ಕೆ 'ಬೋಂಡ'. (ಕೊಡಗಿನ ಒಂದು ಮದುವೆ ಊಟದಲ್ಲಿ ಪಕ್ಕದ ಅಜ್ಜ 'ಬೋಂಡ, ಬೋಂಡ' ಅಂದಿದ್ದು ಕೇಳಿ, ನನ್ನ ಜೊತೆಗಿದ್ದ ಮೈಸೂರಿನವನು ಎಲೆ ಮುಂದೆ ಆಸೆಯಿಂದ ಕಾದು ಕೂತಿದ್ದ.) ಮೂರನ್ನೂ ಗಮನಿಸಿ. ಮುಂದೆ ತುಟಿಯ ಅಕ್ಷರ ಪ ಅಥವಾ ಬ. ಹಿಂದೆ ನಾಲಗೆ ಮಡಚುವ ಡ ಅಥವಾ ಣ. ನಡುವೆ ಸಿಕ್ಕಿಕೊಂಡ ಇ, ಎ ದುಂಡಗಾಗಿ ಉ, ಒ ಆಗಿವೆ. ಮುಂದೆ ತುಟಿಯ ಅಕ್ಷರ ಇಲ್ಲದಿದ್ದರೆ, ಎಟ್ಟ್‌ನಲ್ಲಿ ಆದ ಹಾಗೆ, ಆ ಹೊಸ ಸ್ವರ ಹುಟ್ಟುತ್ತದೆ. ಕಲಸಿದ ಅನ್ನದಲ್ಲಿ ಇಷ್ಟು ಶಿಸ್ತು ಇರುತ್ತಾ? ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1930ರ ದಶಕದಲ್ಲಿ ಇಲ್ಲಿಗೆ ಬಂದು ಈ ನುಡಿಯನ್ನು ಕೇಳಿ ಬರೆದುಕೊಂಡವರು. 1970ರಲ್ಲಿ ಬರೀ ಇದರ ಸ್ವರಗಳ ಮೇಲೇ ಒಂದು ಲೇಖನ ಬರೆದರು.

'ಹ ಇರೋ ಕಡೆ ಪ ಹಾಕಿ ಕನ್ನಡ ಕೆಡಿಸಿದ್ದಾರೆ' ಅನ್ನೋರೂ ಇದ್ದಾರೆ. ತಿರುಗಿಸಿ ನೋಡಿ. ಹಳಗನ್ನಡದಲ್ಲಿ ನಾವೂ ಪಾಲ್, ಪೂ, ಪಾವು ಅಂತಿದ್ದವರೇ. ಹಾಲು, ಹೂವು, ಹಾವು ಮಾಡಿಕೊಂಡವರು ನಾವು. ಅವರು ಪ ಬಿಡಲಿಲ್ಲ, ಅಷ್ಟೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯನ್ನೇ ತಗೊಳ್ಳಿ. ಪುದಿಯ ಅರಿ, ಅಂದರೆ ಹೊಸ ಅಕ್ಕಿ, ಸೇರಿ ಪುತ್ತರಿ ಆಯಿತು. ಅದಕ್ಕೆ ಹ ಹಚ್ಚಿ ಹುತ್ತರಿ ಮಾಡಿದ್ದು ಕನ್ನಡದ ನಾಲಗೆ. ಅಕ್ಕಿಗೆ 'ಅರಿ' ಅಂತ ನಮ್ಮ ಮನೆಗಳಲ್ಲಿ ಯಾರು ಅಂತಾರೆ?

ಕೊಡಗು ಅಂದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಯಾರೂ ಕೇಳಿಲ್ಲ. ತೋಟದ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಯರವ ಬುಡಕಟ್ಟಿನವರು ತಮ್ಮತಮ್ಮಲ್ಲಿ ಆಡೋದು ಕೊಡವ ತಕ್ಕ್ ಅಲ್ಲ. ಅವರದ್ದೇ ನುಡಿ ಇದೆ. ಅದನ್ನು ಆಡುವವರು ತಮ್ಮನ್ನು ರಾವುಳರು ಅಂದುಕೊಳ್ಳುತ್ತಾರೆ. ಗಡಿ ದಾಟಿ ವಯನಾಡಿಗೆ ಹೋದರೆ ಅದೇ ಜನಕ್ಕೆ ಅಡಿಯರು ಅನ್ನೋ ಹೆಸರು. ಇನ್ನು ಪಣಿ ಯರವರು ಅಂತ ಕರೆಸಿಕೊಳ್ಳುವವರ ಮಾತು ಪಣಿಯ, ಅದು ಮತ್ತೂ ಬೇರೆ. ಒಂದೇ ಕಾಫಿ ತೋಟದ ಕಣದಲ್ಲಿ ನಿಂತರೆ ಕನ್ನಡವೂ ಸೇರಿ ನಾಲ್ಕು ನುಡಿ ಕಿವಿಗೆ ಬೀಳಬಹುದು.