ಕೋರಿ ರೊಟ್ಟಿ ತಿಂದ ರಾತ್ರಿಯ ಹೊಟ್ಟೆನೋವು

ಮಂಗಳೂರು, ಉಡುಪಿ ಕಡೆ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು: ಗ್ಯಾಸ್. ರಾತ್ರಿ ಗಡದ್ದಾಗಿ ಕೋರಿ ರೊಟ್ಟಿ (ಕೋಳಿಸಾರು ಹಾಕಿದ ಗರಿಗರಿ ಅಕ್ಕಿ ರೊಟ್ಟಿ) ತಿಂದು ಮಲಗಿದವರಿಗೆ ನಡುರಾತ್ರಿ ಎದೆಗುಂಡಿಯ ಕೆಳಗೆ ಹಿಡಿದುಕೊಂಡರೂ ಗ್ಯಾಸೇ. ಮೊದಲು ಜೀರಿಗೆ ಕಷಾಯ, ಆಮೇಲೆ ಮೆಡಿಕಲ್‌ನಿಂದ ತಂದ ಮಾತ್ರೆ. ಇವರಲ್ಲಿ ಕೆಲವರದ್ದು ಪಿತ್ತಕೋಶದ ಕಲ್ಲಿನ ನೋವು. ಅದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ.

ತುತ್ತು ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ. ತಡವಾಗುವುದು ಜಠರದಲ್ಲಿ. ಅಲ್ಲಿ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಕೋಳಿಮಾಂಸದ ಪ್ರೋಟೀನನ್ನು ಒಡೆಯತೊಡಗುತ್ತವೆ, ಗೋಡೆಯ ಸ್ನಾಯುಗಳು ಎಲ್ಲವನ್ನೂ ಅರೆಯುತ್ತವೆ. ಚೂರುಗಳು ಹೆಚ್ಚುಕಡಿಮೆ 2 ಮಿ.ಮೀ.ಗಿಂತ ಸಣ್ಣದಾಗುವ ತನಕ ಕೆಳಗಿನ ಬಾಗಿಲು ಬಿಡುವುದಿಲ್ಲ. ಗಂಜಿತಿಳಿ ಬೇಗ ಇಳಿದುಹೋಗುತ್ತದೆ. ತೆಂಗಿನಕಾಯಿ ಅರೆದು, ಹಾಲು ಹಿಂಡಿ ಮಾಡಿದ ಗಸಿಗೆ ನಾಲ್ಕೈದು ಗಂಟೆಯೂ ಬೇಕು, ಏಕೆಂದರೆ ಕೊಬ್ಬು ಕರುಳಿಗೆ ತಲುಪಿದ ಕೂಡಲೇ ಜಠರ ನಿಧಾನವಾಗುತ್ತದೆ. ಹತ್ತು ಗಂಟೆಗೆ ಉಂಡು ಹನ್ನೊಂದಕ್ಕೆ ಮಲಗಿದರೆ ಆಮ್ಲ ಮೇಲಕ್ಕೇರುತ್ತದೆ: ಎದೆಮೂಳೆಯ ಹಿಂದೆ ಉರಿ, ಬಾಯಲ್ಲಿ ಹುಳಿ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಇರುವುದು ಇದಕ್ಕೆ. ಅದನ್ನೂ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆ ಉರಿಯತೊಡಗಿದ ಮೇಲೆ ನುಂಗಿದರೆ ಆ ರಾತ್ರಿಗೆ ಅಷ್ಟೇನೂ ಪ್ರಯೋಜನವಿಲ್ಲ.

ಪಿತ್ತಕೋಶದ ಕತೆಯೇ ಬೇರೆ. ಜಠರದ ಆಚೆಗೆ ಸಣ್ಣಕರುಳಿನ ಮೊದಲ ಭಾಗ ಡ್ಯುಯೊಡಿನಮ್. ಉದ್ದ ಸುಮಾರು 25 ಸೆಂ.ಮೀ. ಗಸಿಯ ಕೊಬ್ಬು ಅಲ್ಲಿಗೆ ಬಂದಾಗ ಅದರ ಗೋಡೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಲಿವರಿನ ಅಡಿಯಲ್ಲಿ 30ರಿಂದ 50 ಮಿ.ಲೀ.ನಷ್ಟು ಗಟ್ಟಿ ಪಿತ್ತರಸ ಹಿಡಿದಿಟ್ಟುಕೊಂಡ ಪಿತ್ತಕೋಶ ಆಗ ಹಿಂಡಿಕೊಳ್ಳುತ್ತದೆ. ಸೋಪು ಪಾತ್ರೆಯ ಜಿಡ್ಡನ್ನು ಬಿಡಿಸುವ ಹಾಗೆ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಮೇದೋಜ್ಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಅದನ್ನು ಜೀರ್ಣಿಸುತ್ತದೆ.

ಪಿತ್ತಕೋಶದ ಬಾಯಿಗೆ ಕಲ್ಲು ಸಿಕ್ಕಿಕೊಂಡಿದ್ದರೆ ಹಿಂಡುವುದಷ್ಟೇ ಆಗುತ್ತದೆ, ರಸ ಹೊರಗೆ ಬರುವುದಿಲ್ಲ. ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯಲ್ಲಿ ಒಂದೇ ಸಮನೆ ನೋವು. ಬಲಭುಜದ ಹಲಗೆಯ ಕಡೆಗೂ ಎಳೆಯಬಹುದು. ತೇಗು ಬಂದರೂ, ವಾಯು ಹೋದರೂ ಕಡಿಮೆಯಾಗುವುದಿಲ್ಲ. ಅರ್ಧ ಗಂಟೆಯಿಂದ ಕೆಲವು ಗಂಟೆಗಳಲ್ಲಿ ಕಲ್ಲು ಹಿಂದಕ್ಕೆ ಜಾರಿದರೆ ನೋವು ತಾನಾಗಿ ಇಳಿಯುತ್ತದೆ, ಹೆಸರು ಮಾತ್ರ ಕಷಾಯಕ್ಕೆ.

ಪತ್ತೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು, ಆದರೆ ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ ಬೇಕು. ಬೆಳಿಗ್ಗೆ ಹಾಲು ಹಾಕಿದ ಚಹಾ ಕುಡಿದು ಬಂದರೆ ಪಿತ್ತಕೋಶ ಮುದುಡಿಕೊಂಡಿರುತ್ತದೆ, ಸಣ್ಣ ಕಲ್ಲು ಕಾಣಿಸದೆ ಹೋಗಬಹುದು. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಕಲ್ಲು ಕಂಡು, ನೋವೇ ಇಲ್ಲದಿದ್ದರೆ ಸಾಮಾನ್ಯವಾಗಿ ಪಿತ್ತಕೋಶ ತೆಗೆಯುವ ಆಪರೇಷನ್ ಬೇಕಿಲ್ಲ. ಕಲ್ಲು ಕರಗಿಸುವ ಸೊಪ್ಪಿನ ರಸವನ್ನಂತೂ ನಂಬಿ ಕೂರಬೇಡಿ.

ನೋವು ಐದಾರು ಗಂಟೆ ದಾಟಿ ಜ್ವರ, ಚಳಿ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಪಿತ್ತನಾಳಕ್ಕೆ ಇಳಿದ ಕಲ್ಲು ಮೇದೋಜ್ಜೀರಕದ ನಾಳವನ್ನೂ ತಡೆಯಬಹುದು, ಹೆಚ್ಚಿನವರಲ್ಲಿ ಎರಡಕ್ಕೂ ಡ್ಯುಯೊಡಿನಮ್‌ನಲ್ಲಿ ಬಾಯಿ ಒಂದೇ. ಆಗ ನೋವು ನೇರ ಬೆನ್ನಿಗೆ ತೂರುತ್ತದೆ, ವಾಂತಿ ನಿಲ್ಲುವುದಿಲ್ಲ. ಇನ್ನು ಎದೆ ಭಾರ, ಬೆವರು, ಉಸಿರಾಟದ ಕಷ್ಟ ಇದ್ದರೆ ಹೊಟ್ಟೆಯ ವಿಚಾರ ಪಕ್ಕಕ್ಕಿಟ್ಟು ಮೊದಲು ಇಸಿಜಿ.

ಪಿತ್ತಕೋಶ ತೆಗೆದರೆ ಜೀರ್ಣವಾಗುವುದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ. ಪಿತ್ತಕೋಶ ಹೋದ ಮೇಲೆ ಅದು ನೇರವಾಗಿ ಕರುಳಿಗೆ ಹರಿಯುತ್ತಿರುತ್ತದೆ. ಕೆಲವರಿಗೆ ಒಂದಷ್ಟು ವಾರ ಭೇದಿಯಾಗಬಹುದು. ಮೊದಲು ಕುಚ್ಚಲಕ್ಕಿ ಗಂಜಿ, ಎಣ್ಣೆ ಕಡಿಮೆಯ ಪಲ್ಯ; ಅದು ಒಗ್ಗಿದ ಮೇಲೆ ಕೋರಿ ರೊಟ್ಟಿ, ಅದೂ ಮಧ್ಯಾಹ್ನ, ಗಸಿ ಸ್ವಲ್ಪ ಕಡಿಮೆ.